ಒಂದು ಚಾನೆಲ್, ಮೂರು ಹೆಲಿಕಾಪ್ಟರ್: ಗದಗ ಸೀಮೆಯ ಚುನಾವಣಾ ಹಾರಾಟದ ಒಂದು ಪ್ರಕರಣ

ಇದು ಒಂದು ಚುನಾವಣಾ ಪ್ರಚಾರದ ಕೊನೆಯ ವಾರಗಳಲ್ಲಿ ನಡೆದ ಪ್ರಕರಣ. ಯಾವ ವರ್ಷ, ಯಾವ ಪಕ್ಷ, ಯಾವ ಕಂಪನಿ, ಯಾವ ಊರು ಎಂಬುದನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಇದರಲ್ಲಿ ಭಾಗಿಯಾದ ಪೈಲಟ್‌ಗಳು ಮುಕ್ತವಾಗಿ ಮಾತನಾಡಿದ್ದು ಆ ಭರವಸೆಯ ಮೇಲೆಯೇ. ಮೂರು ಹೆಲಿಕಾಪ್ಟರ್‌ಗಳನ್ನು ಅ, ಆ, ಇ ಎಂದು ಕರೆದಿದ್ದೇನೆ. ಆ ಅವಧಿಯಲ್ಲಿ ಹುಬ್ಬಳ್ಳಿಯಲ್ಲಿದ್ದುಕೊಂಡು ಅವುಗಳಲ್ಲೊಂದರ ನೆಲದ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತಿದ್ದೆ: ಇಂಧನ, ಹೆಲಿಪ್ಯಾಡ್‌ಗಳ ಮಾಹಿತಿ, ಅನುಮತಿ ಪತ್ರಗಳು, ವೇಳಾಪಟ್ಟಿ. ಘಟನೆಯ ನಂತರ ಮೂರೂ ತಂಡಗಳನ್ನು ಒಂದೆಡೆ ಕೂರಿಸಿ ಮಾತನಾಡಿಸಿದ್ದರಿಂದ ಪೂರ್ತಿ ಚಿತ್ರ ನನಗೆ ಸಿಕ್ಕಿತು.

ಹಿನ್ನೆಲೆ

ಚುನಾವಣೆ ಬಂದರೆ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಏಪ್ರನ್ನಿನಲ್ಲಿ, ಅಂದರೆ ವಿಮಾನಗಳು ನಿಲ್ಲುವ ಅಂಗಳದಲ್ಲಿ, ದಿನನಿತ್ಯದ ಪ್ರಯಾಣಿಕ ವಿಮಾನಗಳ ಪಕ್ಕದಲ್ಲಿ ಬಾಡಿಗೆ ಹೆಲಿಕಾಪ್ಟರ್‌ಗಳು ಬಂದು ನಿಲ್ಲುತ್ತವೆ. ಬೆಳಿಗ್ಗೆ ಇಲ್ಲಿಂದ ಹೊರಟು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ತಾಲ್ಲೂಕು ಕೇಂದ್ರಗಳಲ್ಲಿ ಸಭೆಯಿಂದ ಸಭೆಗೆ ನಾಯಕರನ್ನು ಕರೆದೊಯ್ದು ಸಂಜೆ ಮರಳುತ್ತವೆ. ಕಣ್ಣಳತೆಯ ನಿಯಮಗಳಡಿ, ಅಂದರೆ ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿಕೊಂಡು, ಹಾರುವ ಹೆಲಿಕಾಪ್ಟರ್ ನಮ್ಮ ದೇಶದಲ್ಲಿ ಸೂರ್ಯಾಸ್ತವಾದ ಇಪ್ಪತ್ತು ನಿಮಿಷಗಳ ನಂತರ ಹಾರುವಂತಿಲ್ಲ. ಆದ್ದರಿಂದ ಮಧ್ಯಾಹ್ನದ ಒಂದು ಸಭೆ ತಡವಾದರೆ ಉಳಿದೆಲ್ಲವೂ ಸಂಜೆಯ ಅಂಚಿಗೆ ಬಂದು ಒತ್ತುತ್ತವೆ. ಏಪ್ರಿಲ್, ಮೇ ತಿಂಗಳಾದರೆ ಮಧ್ಯಾಹ್ನ ಮೂರರ ನಂತರ ಪಶ್ಚಿಮದಲ್ಲಿ ಅಡ್ಡಮಳೆಯ ಮೋಡ ಏಳುವುದೂ ಉಂಟು.

ತಾಲ್ಲೂಕು ಕೇಂದ್ರದ ಹೆಲಿಪ್ಯಾಡ್ ಎಂದರೆ ಸಾಮಾನ್ಯವಾಗಿ ಕಾಲೇಜು ಮೈದಾನ ಅಥವಾ ಎಪಿಎಂಸಿ ಬಯಲು. ಸುಣ್ಣದಲ್ಲಿ ಬಳಿದ ವೃತ್ತದೊಳಗೆ ‘ಎಚ್’ ಅಕ್ಷರ, ಧೂಳು ಏಳದಂತೆ ನೀರು ಹೊಡೆಯುವ ಟ್ಯಾಂಕರ್, ಒಂದು ಅಗ್ನಿಶಾಮಕ ವಾಹನ, ಹಗ್ಗ ಕಟ್ಟಿ ಜನರನ್ನು ತಡೆದು ನಿಂತ ಪೊಲೀಸರು. ಅಲ್ಲಿ ವಿಮಾನ ಸಂಚಾರವನ್ನು ನಿಯಂತ್ರಿಸುವ ಟವರ್ ಇರುವುದಿಲ್ಲ, ‘ಈಗ ಇಳಿಯಿರಿ, ನೀವು ಕಾಯಿರಿ’ ಎಂದು ಹೇಳುವ ಅಧಿಕಾರಿಯೂ ಇರುವುದಿಲ್ಲ. ಒಂದೇ ಊರಿಗೆ ಇಬ್ಬರು ಪೈಲಟ್‌ಗಳು ಬರುವುದಾದರೆ ಯಾರು ಮೊದಲು, ಯಾರು ಯಾವ ಎತ್ತರದಲ್ಲಿ ಎಂಬುದನ್ನು ಅವರೇ ಪರಸ್ಪರ ರೇಡಿಯೊದಲ್ಲಿ ಮಾತನಾಡಿಕೊಂಡು ತೀರ್ಮಾನಿಸಬೇಕು.

ಈ ರೇಡಿಯೊದ ಸ್ವಭಾವವನ್ನು ತಿಳಿಯದೆ ಪ್ರಕರಣ ಅರ್ಥವಾಗುವುದಿಲ್ಲ. ವಿಮಾನಗಳ ಮಾತುಕತೆ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ಪಟ್ಟಿಯಲ್ಲಿ ನಡೆಯುತ್ತದೆ. ಈ ತರಂಗಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುವುದರಿಂದ ಭೂಮಿಯ ಬಾಗು ಅಥವಾ ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತವೆ. 1,500 ಅಡಿ ಎತ್ತರದಲ್ಲಿರುವ ಹೆಲಿಕಾಪ್ಟರಿಗೆ ಬಯಲು ಸೀಮೆಯಲ್ಲಿ ಸುಮಾರು 88 ಕಿ.ಮೀ. ದೂರದ ರೇಡಿಯೊ ದಿಗಂತ (ತರಂಗ ತಲುಪುವ ಗಡಿ) ಸಿಕ್ಕರೆ, 300 ಅಡಿಗೆ ಇಳಿದಾಗ ಅದು 40 ಕಿ.ಮೀ.ಗೆ ಕುಗ್ಗುತ್ತದೆ. ಹುಬ್ಬಳ್ಳಿಯಿಂದ ಗದಗಕ್ಕೆ ರಸ್ತೆಯಲ್ಲಿ 60 ಕಿ.ಮೀ. ಸಮೀಪ, ಮುಂಡರಗಿ ಅದರಾಚೆ ಇನ್ನೂ ಸುಮಾರು 40 ಕಿ.ಮೀ. ಹೀಗಾಗಿ ಗದಗ ಜಿಲ್ಲೆಯ ಹೆಲಿಪ್ಯಾಡಿಗೆ ಇಳಿಯತೊಡಗಿದ ಹೆಲಿಕಾಪ್ಟರ್ ಹುಬ್ಬಳ್ಳಿ ಟವರಿನ ಕಿವಿಯಿಂದ ತಪ್ಪಿಹೋಗುತ್ತದೆ. ಅದಕ್ಕೆ ಮಾತು ಅತ್ಯಂತ ಅಗತ್ಯವಾಗುವುದೂ ಆ ಕ್ಷಣದಲ್ಲೇ.

ಮೂರೂ ಹೆಲಿಕಾಪ್ಟರ್‌ಗಳಲ್ಲಿ ಎರಡೆರಡು ರೇಡಿಯೊಗಳಿದ್ದವು. ಮೊದಲನೆಯದು ಟವರಿಗೆ ಮೀಸಲು. ಎರಡನೆಯದರಲ್ಲಿ ಪೈಲಟ್‌ಗಳು ರೂಢಿಯಂತೆ 123.45 ಮೆಗಾಹರ್ಟ್ಸ್ ಇಟ್ಟುಕೊಂಡಿದ್ದರು. ಇದು ನೆಲದ ಕೇಂದ್ರಗಳ ವಿಎಚ್‌ಎಫ್ ತಲುಪದ ಸಾಗರದ ಮೇಲೆ ಮತ್ತು ದೂರ ಪ್ರದೇಶಗಳಲ್ಲಿ ವಿಮಾನದಿಂದ ವಿಮಾನಕ್ಕೆ ನೇರವಾಗಿ ಮಾತನಾಡಲೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗುರುತಿಸಿದ ಚಾನೆಲ್. ನೆನಪಿಡಲು ಸುಲಭವಾದ ಸಂಖ್ಯೆಯಾದ್ದರಿಂದ ಅದು ಸಾಗರದಿಂದ ಬಹಳ ಒಳನಾಡಿಗೂ ಬಂದುಬಿಟ್ಟಿದೆ.

ಆ ಮಧ್ಯಾಹ್ನ

ಗದಗ ಜಿಲ್ಲೆಯ ಬೆಟ್ಟಸಾಲಾದ ಕಪ್ಪತಗುಡ್ಡದ ಸೆರಗಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಅಂದು ಎರಡು ಸಭೆಗಳಿದ್ದವು. ‘ಅ’ ಎಪಿಎಂಸಿ ಬಯಲಿಗೆ ಮುಕ್ಕಾಲು ಗಂಟೆ ಮೊದಲೇ ಬಂದು ಇಳಿದಿರಬೇಕಾಗಿತ್ತು. ‘ಆ’ ನಂತರ ಕಾಲೇಜು ಮೈದಾನಕ್ಕೆ. ಎರಡೂ ಮೈದಾನಗಳ ನಡುವೆ ಎರಡು ಕಿ.ಮೀ. ಸಹ ಇರಲಿಲ್ಲ. ಆದರೆ ‘ಅ’ದ ನಾಯಕರ ಹಿಂದಿನ ಸಭೆ ಹಾವೇರಿ ಜಿಲ್ಲೆಯಲ್ಲಿ ಉದ್ದವಾಯಿತು, ‘ಆ’ ಸರಿಯಾದ ಸಮಯಕ್ಕೆ ಹೊರಟಿತು, ಎರಡೂ ಒಂದೇ ಹೊತ್ತಿಗೆ ಊರಿನ ಮೇಲೆ ಬಂದವು.

ಇಬ್ಬರೂ ಮಾತನಾಡಿಕೊಂಡಿದ್ದರು ಎಂಬುದು ಇಲ್ಲಿನ ಮುಖ್ಯ ಅಂಶ. ಊರಿಗೆ ಸುಮಾರು ಹತ್ತು ಮೈಲು ಇದ್ದಾಗ ‘ಅ’ ತಾನು ಮೂರು ಸಾವಿರದ ಐನೂರು ಅಡಿಯಲ್ಲಿ ಬರುತ್ತಿರುವುದಾಗಿ ಹೇಳಿತು. ‘ಆ’ ಅದನ್ನು ಕೇಳಿಸಿಕೊಂಡು, ತಾನು ಸಾವಿರದ ಐನೂರರಲ್ಲಿರುವುದಾಗಿ ಉತ್ತರಿಸಿತು. ನಡುವೆ ಎರಡು ಸಾವಿರ ಅಡಿಯ ಅಂತರವಿದೆ ಎಂದು ಇಬ್ಬರೂ ನಿಶ್ಚಿಂತರಾದರು. ಆದರೆ ‘ಅ’ ಹೇಳಿದ ಸಂಖ್ಯೆ ಹುಬ್ಬಳ್ಳಿಯ ಗಾಳಿಯ ಒತ್ತಡಕ್ಕೆ ಹೊಂದಿಸಿದ ಎತ್ತರದ ಮಾಪಕದ್ದು, ಅಂದರೆ ಸಮುದ್ರ ಮಟ್ಟದಿಂದ ಎತ್ತರ. ‘ಆ’ ಓದಿದ್ದು ರೇಡಿಯೊ ಆಲ್ಟಿಮೀಟರನ್ನು, ಅಂದರೆ ಕೆಳಗಿನ ನೆಲದಿಂದ ಎತ್ತರ. ಗದಗ ಸೀಮೆಯ ನೆಲವೇ ಸಮುದ್ರ ಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮೇಲಿದೆ. ಕೂಡಿಸಿ ನೋಡಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಒಂದೇ ಊರಿನ ಕಡೆಗೆ ಬರುತ್ತಿದ್ದರು.

ಈ ತಪ್ಪು ತಿಳಿವಳಿಕೆಯನ್ನು ಮುಂದಿನ ಒಂದು ಮಾತು ಸರಿಪಡಿಸಬಹುದಾಗಿತ್ತು, ಆದರೆ ಆ ಮಾತು ಯಾರನ್ನೂ ತಲುಪಲಿಲ್ಲ. ‘ಅ’ ತನ್ನ ದಾರಿಯನ್ನು ಬದಲಿಸಿ ಉತ್ತರದಿಂದ ಬರುತ್ತಿರುವುದಾಗಿ ಹೇಳಲು ಗುಂಡಿ ಒತ್ತಿದ ಹೊತ್ತಿಗೇ ‘ಆ’ ತಾನು ಇಳಿಯತೊಡಗಿರುವುದಾಗಿ ಹೇಳಲು ಗುಂಡಿ ಒತ್ತಿತು. ಒತ್ತಿ ಮಾತನಾಡುವ ಈ ರೇಡಿಯೊದಲ್ಲಿ ಮಾತನಾಡುವವನಿಗೆ ಆ ಹೊತ್ತಿನಲ್ಲಿ ಬೇರೆಯವರ ದನಿ ಕೇಳಿಸುವುದಿಲ್ಲ. ವಿಮಾನಯಾನದಲ್ಲಿ ಬಳಸುವುದು ಎಎಂ, ಅಂದರೆ ತರಂಗದ ಬಲವನ್ನು ಏರಿಳಿಸಿ ದನಿಯನ್ನು ಕಳಿಸುವ ಪದ್ಧತಿ. ಎರಡು ಪ್ರಸಾರಗಳು ಒಟ್ಟಿಗೆ ಬಂದರೆ ಮೂರನೆಯವನಿಗೆ ಎರಡು ದನಿಗಳ ಕಲಸುಮೇಲೋಗರದ ಮೇಲೆ ಕೀರಲು ಸಿಳ್ಳೆಯೊಂದು ಕೇಳುತ್ತದೆ. ಆ ಸಿಳ್ಳೆಯನ್ನು ಕೇಳಿದ್ದು ‘ಇ’. ಅದು ಆಗ ಹಾವೇರಿಯ ಕಡೆಗೆ ಹೋಗುತ್ತ, ಸಾಕಷ್ಟು ಎತ್ತರದಲ್ಲಿತ್ತು. ಎರಡು ಸಂದೇಶಗಳು ನಾಶವಾದವು ಎಂದು ತಿಳಿದಿದ್ದ ಏಕೈಕ ತಂಡಕ್ಕೆ ಆ ಊರಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಅದು ಸುಮ್ಮನಿತ್ತು. ಅದರ ಬೆನ್ನಿಗೇ ಎಲ್ಲಿಯೋ ಬಹಳ ಎತ್ತರದಲ್ಲಿದ್ದ ಪ್ರಯಾಣಿಕ ವಿಮಾನಗಳೆರಡರ ಪೈಲಟ್‌ಗಳು ಮುಂದಿನ ದಾರಿಯಲ್ಲಿನ ಗಾಳಿಯ ಕುಲುಕಾಟದ ಬಗ್ಗೆ ಮಾತಿಗೆ ತೊಡಗಿ ಚಾನೆಲನ್ನು ತುಂಬಿದರು.

ಅವರ ಮಾತು ಅಲ್ಲಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. 36,000 ಅಡಿಯಲ್ಲಿರುವ ವಿಮಾನವೂ 1,500 ಅಡಿಯಲ್ಲಿರುವ ಹೆಲಿಕಾಪ್ಟರೂ ಪರಸ್ಪರ 500 ಕಿ.ಮೀ. ದೂರದವರೆಗೆ ಕೇಳಿಸಿಕೊಳ್ಳಬಲ್ಲವು. ಗದಗದ ಮೇಲಿದ್ದವನ ಚಾನೆಲಿನಲ್ಲಿ ಹೈದರಾಬಾದಿನ ಮೇಲಿನವನೂ, ಅರಬ್ಬಿ ಸಮುದ್ರದ ಮೇಲಿನವನೂ ಪಾಲುದಾರರೇ.

ಕೊನೆಗೆ ಉಳಿಸಿದ್ದು ಕಣ್ಣು. ‘ಅ’ದ ಸಹ ಪೈಲಟ್ ಬಲಬದಿಯ ಕಿಟಕಿಯಲ್ಲಿ ಇನ್ನೊಂದು ಹೆಲಿಕಾಪ್ಟರಿನ ರೋಟರ್ ಬಿಸಿಲಿಗೆ ಮಿಂಚಿದ್ದನ್ನು ನೋಡಿ ಕೂಗಿದರು, ಪೈಲಟ್ ಎಡಕ್ಕೆ ತಿರುಗಿಸಿ ಮೇಲಕ್ಕೆತ್ತಿದರು. ‘ಆ’ದವರು ಇವರನ್ನು ನೋಡಿದ್ದು ಇವರು ತಿರುಗಿದ ಮೇಲೆ. ಎಪಿಎಂಸಿ ಬಯಲಿನ ಬಂದೋಬಸ್ತಿನಲ್ಲಿದ್ದ ಹಿರಿಯ ಪೇದೆಯೊಬ್ಬರು ನಮ್ಮ ಹುಡುಗನಿಗೆ ಕೇಳಿದ ಮಾತು ಹೀಗಿತ್ತು: “ಒಂದ ಬರತೈತಿ ಅಂದಿದ್ರಿ, ಎರಡ ಬಂದಾವಲ್ಲರೀ. ಮ್ಯಾಲಿನವ್ರಿಗೆ ಒಬ್ರಿಗೊಬ್ರಿಗೆ ಗೊತ್ತಿಲ್ಲೇನ್ರಿ?” ಜನ ಮಾತ್ರ ಅದನ್ನು ಪ್ರಚಾರದ ಸಂಭ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

ಸಂಜೆಯ ಸಭೆ

ಆಯಾ ಕಂಪನಿಗಳು ಸಲ್ಲಿಸಬೇಕಾದ ವರದಿಗಳನ್ನು ಸಲ್ಲಿಸಿದವು. ಅದು ಈ ಬರಹದ ವಿಷಯವಲ್ಲ. ಮರುದಿನವೂ ಇದೇ ಹೆಲಿಕಾಪ್ಟರ್‌ಗಳು ಇದೇ ಸೀಮೆಯಲ್ಲಿ ಹಾರಬೇಕಾಗಿತ್ತು. ಆದ್ದರಿಂದ ಅಂದು ಸಂಜೆಯೇ ಹುಬ್ಬಳ್ಳಿಯಲ್ಲಿ ಮೂರೂ ತಂಡಗಳು ಕೂತವು. ವಾಯುಪಡೆಯಿಂದ ನಿವೃತ್ತರಾಗಿದ್ದ ‘ಇ’ದ ಹಿರಿಯ ಪೈಲಟ್ ಮೊದಲು ಮಾತನಾಡಿ, ಸಿಳ್ಳೆ ಕೇಳಿಯೂ ತಾವು ಸುಮ್ಮನಿದ್ದುದನ್ನು ತಾವಾಗಿಯೇ ಹೇಳಿದರು. ಅಲ್ಲಿಂದ ಸಭೆಯ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ‘ನಾನು ಹೇಳಿದ್ದೆ, ನೀವು ಕೇಳಲಿಲ್ಲ’ ಎಂಬ ಧಾಟಿಯಲ್ಲಿದ್ದ ಮಾತು, ‘ಹೇಳಿದ್ದು ತಲುಪಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ’ ಎಂಬಲ್ಲಿಗೆ ಬಂತು. ಆ ಮಾತುಕತೆ ನೆಲದ ಯಾವ ಯಂತ್ರದಲ್ಲೂ ದಾಖಲಾಗಿರಲಿಲ್ಲವಾದ್ದರಿಂದ, ಅವರು ಬಾಯಿ ಬಿಡದಿದ್ದರೆ ಎರಡು ಸಂದೇಶಗಳು ಡಿಕ್ಕಿ ಹೊಡೆದಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಈ ಸಿಳ್ಳೆಯ ಬೆಲೆ ವಿಮಾನಯಾನಕ್ಕೆ ಹೊಸದಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದ ರನ್‌ವೇ ಮೇಲೆ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ‘ನಿಲ್ಲಿ, ನಾನು ಕರೆಯುತ್ತೇನೆ’ ಎಂಬ ಟವರಿನ ಮಾತು ಮತ್ತು ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂಬ ಎರಡನೆಯ ವಿಮಾನದ ಮಾತು ಒಂದೇ ಹೊತ್ತಿಗೆ ಬಂದು, ಮೇಲೇರಲು ಓಡುತ್ತಿದ್ದ ಮೊದಲ ವಿಮಾನದ ಕಿವಿಯಲ್ಲಿ ಸಿಳ್ಳೆಯಾಗಿ ಮುಗಿದವು. ದುರಂತಕ್ಕೆ ಮಂಜು, ಆತುರ, ಅಸ್ಪಷ್ಟ ಪದಗಳು ಹೀಗೆ ಹಲವು ಕಾರಣಗಳಿದ್ದವು, ಆದರೆ ಅದನ್ನು ತಡೆಯಬಲ್ಲ ಎರಡು ವಾಕ್ಯಗಳು ಒಂದನ್ನೊಂದು ಅಳಿಸಿದ್ದು ಹೀಗೆ.

ಸಭೆಯಲ್ಲಿ ಬಂದ ಮೊದಲ ಸಲಹೆ ಖಾಲಿಯಿರುವ ಬೇರೊಂದು ಚಾನೆಲ್ ಹಿಡಿಯುವುದು. ಎರಡು ದಿನದಿಂದ ಒಂದು ಸಂಖ್ಯೆಯಲ್ಲಿ ಏನೂ ಕೇಳಿಸುತ್ತಿಲ್ಲ, ನಾವು ಮೂವರೂ ಅಲ್ಲಿಗೆ ಹೋಗೋಣ ಎಂದು ಯುವ ಪೈಲಟ್ ಒಬ್ಬರು ಹೇಳಿದರು. ಮೊದಲ ನೋಟಕ್ಕೆ ಆಕರ್ಷಕವಾದ ಈ ಸಲಹೆ ಎರಡು ಕಾರಣಗಳಿಂದ ಅಪಾಯಕಾರಿ ಎಂದು ನಾನು ವಾದಿಸಿದೆ, ಈಗಲೂ ಅದೇ ಅಭಿಪ್ರಾಯದಲ್ಲಿದ್ದೇನೆ. ನೆಲದಲ್ಲಿ ಅಥವಾ ಕೆಳ ಎತ್ತರದಲ್ಲಿ ನಮಗೆ ಮೌನವಾಗಿ ಕೇಳಿಸುವ ಚಾನೆಲ್ ಇನ್ನೂರು ಕಿ.ಮೀ. ಆಚೆಯ ಒಂದು ನಿಲ್ದಾಣಕ್ಕೆ ಹಂಚಿಕೆಯಾಗಿರಬಹುದು. ಮೇಲೇರಿದ ಕೂಡಲೇ ನಮ್ಮ ಮಾತು ಅಲ್ಲಿಯ ವಿಮಾನಗಳ ಕಿವಿಗೆ ಬೀಳುತ್ತದೆ. ಎರಡನೆಯದಾಗಿ, ಮೂವರಿಗೆ ಮಾತ್ರ ಗೊತ್ತಿರುವ ಚಾನೆಲ್ ನಾಲ್ಕನೆಯವನು ಬಂದ ದಿನ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ರೆಕ್ಕೆಯ ವಿಮಾನಗಳ ಪರಸ್ಪರ ಮಾತಿಗೆ 122.75, ಹೆಲಿಕಾಪ್ಟರ್‌ಗಳಿಗೆ 123.025 ಎಂದು ಪ್ರತ್ಯೇಕವಾಗಿ ನಿಗದಿ ಮಾಡಿರುವುದು ಅಪರಿಚಿತರೂ ಪರಸ್ಪರ ಸಿಗಬೇಕೆಂದೇ ಹೊರತು ಗುಟ್ಟಿಗಲ್ಲ.

ಎರಡನೆಯ ಸಲಹೆ ವಾಟ್ಸ್‌ಆ್ಯಪ್ ಗುಂಪು. ಅದನ್ನು ಮಾಡಿದೆವು, ಉಪಯೋಗವೂ ಆಯಿತು, ಆದರೆ ಅದರ ಮಿತಿ ಬೇಗ ಕಂಡಿತು. ನಾಯಕರು ವೇದಿಕೆಯಿಂದ ಇಳಿಯುವ ಹೊತ್ತು ಯಾರ ಕೈಯಲ್ಲೂ ಇರುವುದಿಲ್ಲ, ಹಾರುತ್ತಿರುವ ಪೈಲಟ್ ಮೊಬೈಲ್ ನೋಡುವಂತಿಲ್ಲ. ಜೊತೆಗೆ ಪಕ್ಷಗಳ ಕಡೆಯ ವ್ಯವಸ್ಥಾಪಕರು ತಕರಾರು ತೆಗೆದರು: ನಮ್ಮ ಕಾರ್ಯಕ್ರಮ ಎದುರಾಳಿಗೆ ಏಕೆ ತಿಳಿಯಬೇಕು? ಗೋಡೆಗೋಡೆಗೂ ಭಿತ್ತಿಪತ್ರ ಅಂಟಿಸಿದ ಸಭೆಯ ಬಗ್ಗೆ ಈ ಮಾತು ವಿಚಿತ್ರವಾಗಿ ಕಂಡರೂ ಅವರ ಆತಂಕವನ್ನು ತಳ್ಳಿಹಾಕದೆ, ಊರು ಮತ್ತು ಅಂದಾಜು ಸಮಯ ಮಾತ್ರ ಹಂಚಿಕೊಳ್ಳುವುದು, ಒಳಗೆ ಯಾರಿದ್ದಾರೆ ಎಂಬುದನ್ನು ಎಲ್ಲಿಯೂ ಹೇಳದಿರುವುದು ಎಂದು ಒಪ್ಪಿಸಿದೆವು. ಪೈಲಟ್‌ಗಳ ಬಾಯಿಯಿಂದಲೇ ಈ ಬೇಡಿಕೆ ಬಂದುದರಿಂದ ವ್ಯವಸ್ಥಾಪಕರು ಮಣಿದರು. ನಾನೊಬ್ಬನೇ ಕೇಳಿದ್ದರೆ ಬಹುಶಃ ಒಪ್ಪುತ್ತಿರಲಿಲ್ಲ.

ಚಾನೆಲಿನ ವಿಚಾರದಲ್ಲಿ ಮರುದಿನ ಬೆಳಿಗ್ಗೆ ಹಾರಾಟಕ್ಕೆ ಮೊದಲು ಟವರಿನ ಕರ್ತವ್ಯದಲ್ಲಿದ್ದ ಅಧಿಕಾರಿಯನ್ನು ಕಂಡು ವಿಷಯ ಮುಂದಿಟ್ಟೆವು. ಅವರು ತಮ್ಮ ಮೇಲಿನವರೊಂದಿಗೆ ಮಾತನಾಡಿ, ಟವರಿನ ವ್ಯಾಪ್ತಿಯ ಹೊರಗೆ ಪರಸ್ಪರ ಮಾತಿಗೆ ಬಳಸಬಹುದಾದ ಚಾನೆಲನ್ನು ತಿಳಿಸಿದರು. ಆ ಸಂಖ್ಯೆಯನ್ನು ಇಲ್ಲಿ ಬರೆಯುತ್ತಿಲ್ಲ. ಅದು ಆ ಸೀಮೆಗೆ, ಆ ಅವಧಿಗೆ ಕೊಟ್ಟದ್ದು. ಓದಿದವರು ಬೇರೆಡೆ ಅದನ್ನೇ ಬಳಸಿದರೆ ಮೇಲೆ ಹೇಳಿದ ತೊಂದರೆಯೇ ಮರುಕಳಿಸುತ್ತದೆ.

ಬಳಕೆಯಲ್ಲಿ ಆದದ್ದು

ಚಾನೆಲ್ ಬದಲಾದದ್ದರಿಂದ ದೂರದ ವಿಮಾನಗಳ ಗದ್ದಲ ತಪ್ಪಿತು, ಆದರೆ ಮೊದಲ ದಿನ ಹೊಸ ಗದ್ದಲ ಹುಟ್ಟಿತು. ಹಿಂದಿನ ದಿನದ ಭಯದಿಂದ ಎಲ್ಲರೂ ಎಲ್ಲವನ್ನೂ ಹೇಳತೊಡಗಿದರು: ಹೊರಟೆ, ತಿರುಗಿದೆ, ಹೆದ್ದಾರಿ ದಾಟಿದೆ, ಗಾಳಿಯಂತ್ರಗಳು ಕಂಡವು. ಉತ್ತರಕ್ಕೆ ಉತ್ತರ, ಧನ್ಯವಾದಕ್ಕೆ ಧನ್ಯವಾದ. ಒಂದು ಹೊತ್ತಿನಲ್ಲಿ ‘ಆ’ ಇಳಿಯುವ ಮುನ್ನ ಹೇಳಬೇಕಾದ ಮಾತಿಗೆ ಜಾಗವೇ ಸಿಗದೆ ಎರಡು ಸುತ್ತು ಹೊಡೆಯಬೇಕಾಯಿತು. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ದರ ಯಾರಿಗೂ ಕೇಳಿಸುವುದಿಲ್ಲ. ಹಂಚಿಕೊಂಡ ಚಾನೆಲಿನಲ್ಲಿಯೂ ಆದದ್ದು ಅದೇ.

ಸಂಜೆ ಮತ್ತೆ ಕೂತು ಮಾತನ್ನು ಕಡಿಮೆ ಮಾಡಿದೆವು. ಹೇಳಬೇಕಾದ ಸಂದರ್ಭಗಳು ಮೂರೇ: ಊರಿಗೆ ಹತ್ತು ಮೈಲು ಇರುವಾಗ, ಇಳಿಯಲು ತೊಡಗುವಾಗ, ಮತ್ತು ನೆಲ ಬಿಡುವ ಮೊದಲು. ಪ್ರತಿ ಮಾತೂ ಊರಿನ ಹೆಸರಿನಿಂದ ಆರಂಭವಾಗಿ ಊರಿನ ಹೆಸರಿನಿಂದಲೇ ಮುಗಿಯಬೇಕು. ಟವರ್ ಇಲ್ಲದ ನಿಲ್ದಾಣಗಳು ಒಂದೇ ಚಾನೆಲನ್ನು ಹಂಚಿಕೊಳ್ಳುವ ಅಮೆರಿಕದಲ್ಲಿ ಇದು ಹಳೆಯ ರೂಢಿ. ಮಾತಿನ ಮೊದಲ ಪದ ಸಿಳ್ಳೆಯಲ್ಲಿ ಕಳೆದರೂ ಕೊನೆಯ ಪದದಿಂದ ಕೇಳುಗನಿಗೆ ಇದು ತನಗೆ ಸಂಬಂಧಿಸಿದ್ದೋ ಅಲ್ಲವೋ ತಿಳಿಯುತ್ತದೆ. ಎತ್ತರವನ್ನು ಎಲ್ಲರೂ ಹುಬ್ಬಳ್ಳಿಯ ಒತ್ತಡಕ್ಕೆ ಹೊಂದಿಸಿದ ಮಾಪಕದಿಂದಲೇ ಹೇಳಬೇಕು. ರೇಡಿಯೊ ಆಲ್ಟಿಮೀಟರ್ ಪೈಲಟ್‌ನ ಸ್ವಂತ ಉಪಯೋಗಕ್ಕೆ ಮಾತ್ರ. ಅದೇ ಊರಿಗೆ ಹೋಗುವವರು ಮಾತ್ರ ಉತ್ತರಿಸಬೇಕು, ಉಳಿದವರದು ಮೌನ. ಆ ಮೌನಕ್ಕೆ ಒಂದೇ ವಿನಾಯಿತಿ: ಸಿಳ್ಳೆ ಕೇಳಿದವನು, ಅವನು ಎಲ್ಲಿಯೇ ಇರಲಿ, ‘ಇಬ್ಬರ ಮಾತೂ ಹೋಯಿತು’ ಎಂದು ತಕ್ಷಣ ಹೇಳಬೇಕು.

ಈ ಕೊನೆಯ ನಿಯಮಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ತರಂಗದ ಆವರ್ತನವನ್ನು ಬದಲಿಸಿ ದನಿಯನ್ನು ಕಳಿಸುವ ಎಫ್‌ಎಂ ಪದ್ಧತಿಯಲ್ಲಾದರೆ ಬಲವಾದ ಪ್ರಸಾರವು ದುರ್ಬಲವಾದುದನ್ನು ಸದ್ದಿಲ್ಲದೆ ನುಂಗಿಹಾಕುತ್ತದೆ, ಒಂದು ಮಾತು ಕಳೆದುದೇ ಯಾರಿಗೂ ತಿಳಿಯುವುದಿಲ್ಲ. ಎಎಂ ಹಳೆಯದಾದರೂ ಕಳೆದುದರ ಗುರುತನ್ನು ಉಳಿಸುತ್ತದೆ. ಆ ಗುರುತನ್ನು ಕೇಳಿದವನು ಬಾಯಿ ಬಿಟ್ಟರೆ ಮಾತ್ರ ಅದರಿಂದ ಪ್ರಯೋಜನ.

ಕಪ್ಪತಗುಡ್ಡ ಇನ್ನೊಂದು ಪಾಠ ಕಲಿಸಿತು. ಶಿರಹಟ್ಟಿಯ ಕಡೆ ನೆಲದ ಮೇಲಿದ್ದು ಹೊರಡಲು ಸಿದ್ಧವಾದವನ ಮಾತು ಗುಡ್ಡದಾಚೆ ಡಂಬಳದ ಕಡೆಯಿಂದ ಕೆಳಮಟ್ಟದಲ್ಲಿ ಬರುತ್ತಿರುವವನಿಗೆ ಕೇಳಿಸುವುದಿಲ್ಲ. ಉತ್ತರ ಬಾರದಿದ್ದಾಗ ಅಲ್ಲಿ ಯಾರೂ ಇಲ್ಲ ಎಂದು ಭಾವಿಸುವುದು ಸಹಜ. ಇದಕ್ಕಾಗಿ, ನೆಲ ಬಿಟ್ಟವನು ಗುಡ್ಡದ ಕಡೆ ತಿರುಗುವ ಮೊದಲು ಊರಿನ ಬದಿಯಲ್ಲೇ ಎತ್ತರ ಪಡೆದು ತನ್ನ ಮಾತನ್ನು ಮತ್ತೊಮ್ಮೆ ಹೇಳಬೇಕೆಂದೂ, ಆ ಹೊತ್ತಿನಲ್ಲಿ ಎತ್ತರದಲ್ಲಿರುವ ಮೂರನೆಯವನು ಎರಡೂ ಬದಿಯ ಮಾತನ್ನು ದಾಟಿಸಬೇಕೆಂದೂ ಗೊತ್ತುಮಾಡಿಕೊಂಡೆವು. ಪ್ರಚಾರದ ಅಂತಿಮ ದಿನಗಳಲ್ಲಿ ಒಮ್ಮೆ ‘ಇ’ ಹೀಗೆ ದಾಟಿಸಿದ ಮಾತಿನಿಂದ ‘ಅ’ ನೆಲದಲ್ಲೇ ಕೆಲವು ನಿಮಿಷ ಕಾದು ‘ಆ’ ಹಾದುಹೋದ ಮೇಲೆ ಏರಿತು. ಒಳಗಿದ್ದ ನಾಯಕರು ತಡವಾಯಿತೆಂದು ಅಸಮಾಧಾನಪಟ್ಟರು. ಪೈಲಟ್ ಕಾರಣ ವಿವರಿಸದೆ, “ಎರಡು ನಿಮಿಷ ಸರ್, ಮುಂದೆ ಒಂದು ಹೆಲಿಕಾಪ್ಟರ್ ಇದೆ” ಎಂದಷ್ಟೇ ಹೇಳಿದರು.

ಉಳಿದುಕೊಂಡ ಕಷ್ಟ ಹೊಸಬರದು. ಪ್ರಚಾರ ಮುಗಿಯುವ ಎರಡು ದಿನ ಮೊದಲು ನಾಲ್ಕನೆಯ ಹೆಲಿಕಾಪ್ಟರೊಂದು ಈ ಸೀಮೆಗೆ ಬಂತು. ಅದರ ಪೈಲಟ್‌ಗೆ ನಮ್ಮ ಒಪ್ಪಂದ ತಿಳಿದಿರಲಿಲ್ಲ. ಅವರು ಹಳೆಯ ರೂಢಿಯಂತೆ 123.45ರಲ್ಲಿ ಮಾತನಾಡುತ್ತ, ನಾವು ಮೂವರೂ ಅಲ್ಲಿಲ್ಲದ್ದರಿಂದ ಆಕಾಶ ಖಾಲಿಯಿದೆ ಎಂದುಕೊಂಡು ಹಾರುತ್ತಿದ್ದರು. ಚಾನೆಲ್ ಬದಲಿಸಿದ್ದರಿಂದ ನಾವೇ ಅವರಿಗೆ ಕಾಣದವರಾಗಿದ್ದೆವು. ಅವರು ಹುಬ್ಬಳ್ಳಿ ಟವರನ್ನು ಕರೆದಾಗ ಮೊದಲ ಬಾರಿಗೆ ವಿಷಯ ಬೆಳಕಿಗೆ ಬಂತು. ಅಂದಿನಿಂದ ಒಂದು ಪುಟದ ಹಾಳೆಯನ್ನು ಸಿದ್ಧಪಡಿಸಿ ಇಂಧನದ ಬೌಸರ್ (ಟ್ಯಾಂಕರ್) ಸಿಬ್ಬಂದಿಯ ಕೈಯಲ್ಲಿಟ್ಟೆವು. ಯಾವ ಕಂಪನಿಯ, ಯಾವ ಪಕ್ಷದ ಹೆಲಿಕಾಪ್ಟರೇ ಆದರೂ ಹುಬ್ಬಳ್ಳಿಗೆ ಬಂದರೆ ಇಂಧನ ತುಂಬಿಸಿಕೊಳ್ಳದೆ ಹೋಗುವುದಿಲ್ಲ. ಇಂಧನದ ಚೀಟಿಗೆ ಸಹಿ ಹಾಕುವ ಪೈಲಟ್‌ಗೆ ಅದರೊಂದಿಗೇ ಚಾನೆಲ್, ಮೂರು ಮಾತುಗಳು, ಎತ್ತರದ ಮಾಪಕ, ಸಿಳ್ಳೆಯ ನಿಯಮ ಇರುವ ಹಾಳೆ ಸಿಗುತ್ತದೆ. ಬಳ್ಳಾರಿ ಅಥವಾ ದಾವಣಗೆರೆಯ ಕಡೆಯಿಂದ ನೇರವಾಗಿ ಬಂದು ಇಲ್ಲಿ ಇಂಧನ ತುಂಬಿಸಿಕೊಳ್ಳದೆ ಮರಳುವವರಿಗೆ ಈ ಹಾಳೆ ತಲುಪುವುದಿಲ್ಲ. ಅವರಿಗಾಗಿ, ಊರಿಗೆ ಹತ್ತು ಮೈಲು ಇರುವಾಗಿನ ಮಾತನ್ನು ಹೊಸ ಚಾನೆಲಿನಲ್ಲಿ ಹೇಳಿದ ಮೇಲೆ ಸಹ ಪೈಲಟ್ ಒಮ್ಮೆ 123.45ಕ್ಕೆ ತಿರುಗಿಸಿ ಅದೇ ಮಾತನ್ನು ಅಲ್ಲಿಯೂ ಹೇಳಿ ಬರಬೇಕೆಂದು ಹಾಳೆಯ ಕೊನೆಗೆ ಒಂದು ಸಾಲು ಸೇರಿಸಿದೆವು.